ಹತ್ತು ಗೋಲು, ಎರಡು ಸಲ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಡಿರಿಡಾನ್ ಸ್ಟೇಷನ್ನಿನಲ್ಲಿ ಕ್ಯಾಲ್‌ಟ್ರೇನ್ ಇಳಿದು ರಸ್ತೆ ದಾಟಿದರೆ ಎದುರಿಗೇ ಎಸ್‌ಎಪಿ ಸೆಂಟರ್. 2023ರ ನವೆಂಬರ್ 2, ಗುರುವಾರ ಸಂಜೆ ಊರಿನ ಐಸ್ ಹಾಕಿ ತಂಡ ಶಾರ್ಕ್ಸ್ ಅಲ್ಲಿ ವ್ಯಾಂಕೂವರ್ ಕನಕ್ಸ್ ವಿರುದ್ಧ ಆಡಬೇಕಿತ್ತು. ಅಷ್ಟರಲ್ಲಿ ಸೀಸನ್ನಿನ ಒಂಬತ್ತು ಪಂದ್ಯ ಮುಗಿದಿದ್ದವು, ಒಂದನ್ನೂ ಗೆದ್ದಿರಲಿಲ್ಲ. ಅಕ್ಟೋಬರ್ 14ರಂದು ಕೊಲರಾಡೊ ಎದುರು ಶೂಟ್‌ಔಟ್‌ವರೆಗೆ ಎಳೆದು 2-1ರಲ್ಲಿ ಸೋತಿದ್ದಕ್ಕೆ ಸಿಕ್ಕ ಒಂದೇ ಒಂದು ಪಾಯಿಂಟ್ ಖಾತೆಯಲ್ಲಿತ್ತು. ಆ ಗುರುವಾರ 10-1ರಲ್ಲಿ ಸೋತರು. ಒಂದು ದಿನ ಬಿಟ್ಟು ಶನಿವಾರ, ಅದೇ ಅಂಗಳದಲ್ಲಿ, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎದುರು 10-2. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡ ಸತತ ಎರಡು ಪಂದ್ಯಗಳಲ್ಲಿ ಹತ್ತು ಹತ್ತು ಗೋಲು ತಿಂದದ್ದು 1965ರ ಬಾಸ್ಟನ್ ಬ್ರೂಯಿನ್ಸ್ ನಂತರ ಅದೇ ಮೊದಲು.

2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ 49ಕ್ಕೆ ಆಲೌಟ್ ಆದ ರಾತ್ರಿ ಟಿವಿ ಮುಂದೆ ಕೂತಿದ್ದವರಿಗೆ ಇದರ ಸಂಕಟ ಸ್ವಲ್ಪ ಗೊತ್ತಾದೀತು. ಆದರೆ ಕ್ರಿಕೆಟ್‌ನಲ್ಲಿ ಹತ್ತು ವಿಕೆಟ್ ಬಿದ್ದರೆ ಅಲ್ಲಿಗೆ ಮುಗಿಯಿತು. ಹಾಕಿಯಲ್ಲಿ ಮುಗಿಯುವುದಿಲ್ಲ. ಪ್ರತಿ ಗೋಲಿನ ನಂತರವೂ ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ನಡುಮಧ್ಯಕ್ಕೆ ಬರುತ್ತದೆ, ರೆಫರಿ ಅದನ್ನು ಕೆಳಗೆ ಬಿಡುತ್ತಾನೆ, ಗಡಿಯಾರ ಮತ್ತೆ ಓಡುತ್ತದೆ. ಇಪ್ಪತ್ತು ನಿಮಿಷದ ಮೂರು ಅವಧಿ ಪೂರ್ತಿ ಆಡಲೇಬೇಕು.

ನವೆಂಬರ್ 2, 4 ಮತ್ತು 7ರ ಮೂರೂ ಪಂದ್ಯಗಳನ್ನು ಮೇಲಿನ ಸಾಲಿನಿಂದ ನೋಡಿದೆ. ಐಸ್ ಹಾಕಿಯನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಗಾಜಿನ ಪಕ್ಕದ ದುಬಾರಿ ಸೀಟಿಗಿಂತ ಮೇಲಿನ ಸಾಲೇ ವಾಸಿ. ಕೆಳಗಡೆ ಕೂತರೆ ಡಿಕ್ಕಿಯ ಸದ್ದು ಕೇಳಿಸುತ್ತದೆ, ಸ್ಕೇಟ್ ಅಂಚಿನಿಂದ ಚಿಮ್ಮುವ ಐಸಿನ ಪುಡಿ ಕಾಣುತ್ತದೆ. 200 ಅಡಿ ಉದ್ದ, 85 ಅಡಿ ಅಗಲದ ಅಂಗಳದಲ್ಲಿ ಯಾರು ಎಲ್ಲಿ ಇರಬೇಕಿತ್ತು, ಎಲ್ಲಿದ್ದಾರೆ ಅನ್ನುವುದು ಮಾತ್ರ ಮೇಲಿನಿಂದಲೇ ತಿಳಿಯುವುದು.

ಪಕ್ಕದಲ್ಲಿ ಕೂತಿದ್ದ, ಮೊದಲ ಸಲ ಹಾಕಿ ನೋಡಲು ಬಂದ ಗೆಳೆಯರು ನಡುವೆ ಕೇಳಿದರು: "ಅಲ್ರೀ, ಆ ಗೋಲ್‌ಕೀಪರ್‌ನ ಬದಲಾಯಿಸಿದ್ರೆ ಸರಿಹೋಗಲ್ವಾ?"

ಎಲ್ಲರಿಗೂ ಮೊದಲು ಹೊಳೆಯುವ ಪ್ರಶ್ನೆ ಇದು. ಗೋಲು ಆರಡಿ ಅಗಲ, ನಾಲ್ಕಡಿ ಎತ್ತರ. ಅದರ ಮುಂದೆ ನಿಂತವನ ಹೆಸರಿಗೇ ಎಲ್ಲ ಗೋಲೂ ಬರೆಯಲ್ಪಡುತ್ತವೆ. ಆದರೆ ಹತ್ತು ಗೋಲಿನ ರಾತ್ರಿಯಲ್ಲಿ ತಪ್ಪು ಶುರುವಾಗುವುದು ಕೀಪರ್ ಮುಂದೆ ಅಲ್ಲ, ಅವನ ಬೆನ್ನ ಹಿಂದಿನ ಮೂಲೆಯಲ್ಲಿ.

ಎದುರಾಳಿಗಳು ಪಕ್ಕನ್ನು ನಿಮ್ಮ ಮೂಲೆಗೆ ಹೊಡೆದು ಹಾಕಿದರು ಅನ್ನಿ. ನಿಮ್ಮ ಡಿಫೆನ್ಸ್‌ಮನ್ ಅದನ್ನು ತರಲು ಹಿಂದಕ್ಕೆ ಓಡುತ್ತಾನೆ. ಪಕ್ ಮುಟ್ಟುವ ಮೊದಲೇ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ತಿರುಗಿ ನೋಡಬೇಕು: ಅಟ್ಟಿಸಿಕೊಂಡು ಬರುತ್ತಿರುವವನು ಯಾವ ಕಡೆಯಿಂದ ಬರುತ್ತಿದ್ದಾನೆ? ಗೋಲಿನ ಇನ್ನೊಂದು ಬದಿಗೆ ಜೊತೆಗಾರ ಬಂದಿದ್ದಾನೆಯೇ? ಗೋಡೆ ಪಕ್ಕದಲ್ಲಿ ವಿಂಗರ್ ನಿಂತಿದ್ದಾನೆಯೇ? ನಡುವೆ ಸೆಂಟರ್ ಆಟಗಾರ ಕೆಳಗೆ ಇಳಿದು ಬಂದಿದ್ದಾನೆಯೇ? ಇಷ್ಟಕ್ಕೂ ಇರುವುದು ಒಂದು, ಒಂದೂವರೆ ಸೆಕೆಂಡು. ಅಷ್ಟರಲ್ಲಿ ಉತ್ತರ ಸಿಕ್ಕರೆ ಒಂದು ಪಾಸ್, ಇನ್ನೊಂದು ಪಾಸ್, ಪಕ್ ನಿಮ್ಮ ವಲಯದ ಗಡಿಯಾದ ನೀಲಿ ಗೆರೆ ದಾಟಿ ಹೊರಗೆ. ಸಿಗದಿದ್ದರೆ ಅವನು ಕಣ್ಣುಮುಚ್ಚಿ ಗೋಡೆಗುಂಟ ತಳ್ಳುತ್ತಾನೆ. ಅದನ್ನು ಕಾಯುತ್ತಲೇ ನಿಂತಿರುವ ಎದುರಾಳಿ ಡಿಫೆನ್ಸ್‌ಮನ್ ನೀಲಿ ಗೆರೆಯ ಹತ್ತಿರ ಪಕ್ ತಡೆದು ಮತ್ತೆ ಒಳಗೆ ಹಾಕುತ್ತಾನೆ.

ಹೀಗೆ ಒಮ್ಮೆ ಹೊರಹಾಕಲು ಆಗದಿದ್ದರೆ ಲೆಕ್ಕವೇ ಬದಲಾಗುತ್ತದೆ. ಹಾಕಿಯಲ್ಲಿ ಒಬ್ಬ ಆಟಗಾರ ಪೂರ್ತಿ ವೇಗದಲ್ಲಿ ಆಡಬಲ್ಲದ್ದು ಸುಮಾರು 45 ಸೆಕೆಂಡು. ಆಮೇಲೆ ಬೆಂಚಿಗೆ ಹೋಗಿ ಬೇರೆಯವನನ್ನು ಕಳಿಸಬೇಕು. ಆಟ ನಡೆಯುತ್ತಿರುವಾಗಲೇ ಬದಲಾಗಬಹುದು, ಆದರೆ ಪಕ್ ನಿಮ್ಮದೇ ವಲಯದಲ್ಲಿ ಸಿಕ್ಕಿಕೊಂಡಿದ್ದರೆ ಬೆಂಚಿಗೆ ಹೋಗುವ ಹಾಗಿಲ್ಲ. ಒಬ್ಬ ಹೋದರೂ ಅಲ್ಲಿ ಎದುರಾಳಿಗೆ ಜಾಗ ತೆರೆಯುತ್ತದೆ. 60 ಸೆಕೆಂಡು, 75 ಸೆಕೆಂಡು, 90 ಸೆಕೆಂಡು ಆಗುತ್ತದೆ. ತೊಡೆ ಉರಿಯುತ್ತದೆ, ಬೆನ್ನು ಬಾಗುತ್ತದೆ, ಕೋಲು ಐಸಿನಿಂದ ಮೇಲೇಳುತ್ತದೆ. ಮೇಲಿನ ಸಾಲಿನಿಂದ ನೋಡುವವರಿಗೆ ಇದು ಸ್ಪಷ್ಟವಾಗಿ ಕಾಣುವ ಗುರುತು: ಐವರೂ ಗೋಲಿನ ಮುಂದೆ ಒತ್ತಟ್ಟಿಗೆ ಸೇರಿಬಿಡುತ್ತಾರೆ, ಯಾರೂ ಯಾರ ಹಿಂದೆಯೂ ಓಡುವುದಿಲ್ಲ. ಎರಡನೆಯ ಅವಧಿಯಲ್ಲಿ ಇದು ಇನ್ನೂ ಕೆಡುತ್ತದೆ. ಆಗ ತಂಡಗಳು ಬದಿ ಬದಲಿಸುವುದರಿಂದ ನಿಮ್ಮ ಬೆಂಚು ನಿಮ್ಮ ಗೋಲಿನಿಂದ ದೂರದ ಅರ್ಧಕ್ಕೆ ಹೋಗುತ್ತದೆ. ಉಸಿರುಗಟ್ಟಿದವನು ಬೆಂಚು ಮುಟ್ಟಲು ಅಷ್ಟು ಹೆಚ್ಚು ದೂರ ಓಡಬೇಕು.

ತಪ್ಪಿಸಿಕೊಳ್ಳಲು ಪಕ್ಕನ್ನು ಆ ತುದಿಗೆ ಬೀಸಿ ಹೊಡೆದರೆ? ಅದು ಐಸಿಂಗ್. ನಡುಗೆರೆಯ ಈಚೆಯಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಿನ ಗೋಲ್‌ಗೆರೆ ದಾಟಿದರೆ ಆಟ ನಿಂತು, ಮತ್ತೆ ನಿಮ್ಮ ವಲಯದಲ್ಲೇ ಶುರುವಾಗುತ್ತದೆ. ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇದೆ: ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ, ಟೈಮ್‌ಔಟ್ ಕೂಡ ಕೇಳುವಂತಿಲ್ಲ. ದಣಿದ ಅದೇ ಐವರ ಎದುರಿಗೆ ಎದುರಾಳಿ ಕೋಚ್ ಹೊಸ ಐವರನ್ನು, ಅದೂ ತನ್ನ ಅತ್ಯುತ್ತಮ ಐವರನ್ನು, ಇಳಿಸುತ್ತಾನೆ. ಗೋಲು ಬೀಳುವುದು ಸಾಮಾನ್ಯವಾಗಿ ಇಲ್ಲಿಯೇ. ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಪಾಸ್ ಹೋಗುತ್ತದೆ, ಕೀಪರ್ ಮಂಡಿಯೂರಿ ಜಾರುತ್ತಾ ಅತ್ತ ತಲುಪುವ ಮೊದಲೇ ಪಕ್ ಬಲೆಯಲ್ಲಿರುತ್ತದೆ. ಮುಂದೆ ತನ್ನವರೇ ಇಬ್ಬರು ಮರೆಯಾಗಿ ನಿಂತಿದ್ದರೆ ಹೊಡೆತ ಹೊರಟಿದ್ದೇ ಅವನಿಗೆ ಕಾಣುವುದಿಲ್ಲ. ಒಂದಿಂಚು ದಪ್ಪ, ಮೂರಿಂಚು ಅಡ್ಡಳತೆಯ ಗಟ್ಟಿ ರಬ್ಬರ್ ಬಿಲ್ಲೆ ಅದು. ಪುಟಿಯದೆ ಜಾರಲಿ ಅಂತ ಪಂದ್ಯಕ್ಕೆ ಮುಂಚೆ ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿರುತ್ತಾರೆ.

ಗೋಲು ಬಿದ್ದ ಮೇಲೆ ಕೀಪರ್ ಏನು ಮಾಡುತ್ತಾನೆ ಅನ್ನುವುದನ್ನು ಆ ಎರಡು ರಾತ್ರಿ ಬೇಕಾದಷ್ಟು ಸಲ ನೋಡಲು ಸಿಕ್ಕಿತು. ಬಲೆಯ ಮೇಲೆ ಇಟ್ಟಿರುವ ಬಾಟಲಿ ತೆಗೆದು ಮುಖವಾಡ ಎತ್ತಿ ಎರಡು ಗುಟುಕು ನೀರು ಹಾಕಿಕೊಳ್ಳುತ್ತಾನೆ. ಬಾಟಲಿಯನ್ನು ಅದೇ ಜಾಗದಲ್ಲಿ ಇಡುತ್ತಾನೆ. ಸ್ಕೇಟಿನಿಂದ ಗೋಲಿನ ಬಾಯಿಯ ಐಸನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕೆರೆಯುತ್ತಾನೆ. ಜಾರುವ ನುಣುಪು ತಗ್ಗಿ ಕಾಲಿಗೆ ಹಿಡಿತ ಸಿಗಲಿ ಅಂತ. ಆಮೇಲೆ ಎರಡೂ ಕಂಬಗಳನ್ನು ಕೋಲಿನಿಂದ ತಟ್ಟಿ ತಾನು ಎಲ್ಲಿದ್ದೇನೆಂದು ಖಚಿತ ಮಾಡಿಕೊಂಡು ಮುಂದೆ ಬಂದು ನಿಲ್ಲುತ್ತಾನೆ. ಎಂಟನೆಯ ಗೋಲಿನ ನಂತರವೂ ಇದರಲ್ಲಿ ಒಂದನ್ನೂ ಬಿಡುವಂತಿಲ್ಲ. ಬಿಟ್ಟವನಿಗೆ ಒಂಬತ್ತನೆಯದು ಇನ್ನೂ ಬೇಗ ಬೀಳುತ್ತದೆ.

ಹಾಗಾದರೆ ಮೂಲೆಯಿಂದ ಪಕ್ ಹೊರತರುವ ಆಟಗಾರರು ಶಾರ್ಕ್ಸ್‌ನಲ್ಲಿ ಇರಲಿಲ್ಲವೇ? ಇದ್ದ. ಹಿಂದಿನ ಸೀಸನ್‌ವರೆಗೆ ಇದ್ದ. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್. 2022-23ರಲ್ಲಿ ಡಿಫೆನ್ಸ್‌ಮನ್ ಆಗಿದ್ದುಕೊಂಡೇ 25 ಗೋಲು, 76 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಒಟ್ಟು 101 ಪಾಯಿಂಟ್ ಮಾಡಿ, ಲೀಗಿನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದವನು. ಒಬ್ಬ ಡಿಫೆನ್ಸ್‌ಮನ್ ನೂರು ದಾಟಿದ್ದು 1991-92ರ ಬ್ರಯನ್ ಲೀಚ್ ನಂತರ ಅವನೇ. ಆ ಸಂಖ್ಯೆಗಿಂತ ನನಗೆ ಮುಖ್ಯವಾಗಿ ಕಂಡದ್ದು ಅವನ ತಿರುವು. ಗೋಲಿನ ಹಿಂದೆ ಪಕ್ ಎತ್ತಿಕೊಂಡು, ಒಂದು ಹೆಜ್ಜೆ ಒಂದು ಕಡೆಗೆ ಹಾಕಿದಂತೆ ಮಾಡಿ ಇನ್ನೊಂದು ಕಡೆಗೆ ತಿರುಗಿ, ಅಟ್ಟಿಸಿಕೊಂಡು ಬಂದವನನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತಿದ್ದ. ಉಳಿದ ನಾಲ್ವರಿಗೆ ಉಸಿರಾಡಲು ಅಷ್ಟೇ ಬೇಕಾಗಿತ್ತು.

2023ರ ಆಗಸ್ಟ್ 6ರಂದು ಮೂರು ತಂಡಗಳ ವಿನಿಮಯದಲ್ಲಿ ಕಾರ್ಲ್‌ಸನ್‌ನನ್ನು ಪಿಟ್ಸ್‌ಬರ್ಗ್‌ಗೆ ಕಳಿಸಿದರು. ವರ್ಷಕ್ಕೆ ಒಂದು ಕೋಟಿ 15 ಲಕ್ಷ ಡಾಲರಿನ ಎಂಟು ವರ್ಷದ ಒಪ್ಪಂದ ಅವನದು. ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ್ದ ಮಿತಿ ಆ ವರ್ಷ ಎಂಟು ಕೋಟಿ 35 ಲಕ್ಷ. ಅವನನ್ನು ಬಿಟ್ಟ ಮೇಲೂ ವರ್ಷಕ್ಕೆ 15 ಲಕ್ಷ ಡಾಲರ್ ಶಾರ್ಕ್ಸ್ ಲೆಕ್ಕದಲ್ಲೇ ಉಳಿಯಿತು. ಬದಲಿಗೆ ಬಂದವರು ಮಿಕೇಲ್ ಗ್ರಾನ್‌ಲುಂಡ್, ಯಾನ್ ರೂಟಾ, ಮೈಕ್ ಹಾಫ್‌ಮನ್, ಜೊತೆಗೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಲ್ಲಿ, ಮೊದಲ ಸುತ್ತಿನ ಒಂದು ಆಯ್ಕೆ. ಇನ್ನೊಬ್ಬ ಡಿಫೆನ್ಸ್‌ಮನ್ ಬ್ರೆಂಟ್ ಬರ್ನ್ಸ್ 2022ರಲ್ಲೇ ಕ್ಯಾರೊಲಿನಾಕ್ಕೆ ಹೋಗಿಯಾಗಿತ್ತು, ಫಾರ್ವರ್ಡ್ ಟೀಮೊ ಮೈಯರ್ 2023ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಗೆ. ಸೆಂಟರ್ ಆಡುವ ನಾಯಕ ಲೋಗನ್ ಕುಟೂರ್ ಗಾಯದಿಂದ ಆ ಸೀಸನ್ ಪೂರ್ತಿ ಆಡಿದ್ದು ಆರೇ ಪಂದ್ಯ. ಅಂದರೆ ಮೂಲೆಯಿಂದ ಹೊರತರುವವನೂ ಇಲ್ಲ, ಅದನ್ನು ಈಸಿಕೊಳ್ಳಲು ನಡುವೆ ಇಳಿದು ಬರುವ ನಾಯಕನೂ ಇಲ್ಲ. ನವೆಂಬರಿನ ಹತ್ತು ಗೋಲುಗಳಿಗೆ ಕಾರಣ ಆಗಸ್ಟಿನಲ್ಲೇ ಸಿದ್ಧವಾಗಿತ್ತು ಅಂತ ನಾನು ನಂಬಿರುವುದು ಇದಕ್ಕೇ.

ಹಳೆಯ ತಂಡವನ್ನು ಕಳಚಿ ಹೊಸದು ಕಟ್ಟುವುದು ಜನರಲ್ ಮ್ಯಾನೇಜರ್ ಮೈಕ್ ಗ್ರಿಯರ್ ತೆರೆದ ಮನಸ್ಸಿನಿಂದ ಹಿಡಿದ ದಾರಿ. 2016ರಲ್ಲಿ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ಆಡಿದ, 2019ರಲ್ಲಿ ಸೆಮಿಫೈನಲ್‌ಗೆ ಸಮನಾದ ಸುತ್ತು ಮುಟ್ಟಿದ ತಂಡಕ್ಕೆ ವಯಸ್ಸಾಗಿತ್ತು, ಒಪ್ಪಂದಗಳು ಮಾತ್ರ ಉದ್ದ ಉಳಿದಿದ್ದವು. ಆ ದಾರಿ ತಪ್ಪು ಅಂತ ನಾನು ಹೇಳಲಾರೆ. ಕೊನೆಯ ಸ್ಥಾನಕ್ಕೆ ಬರುವ ತಂಡಕ್ಕೆ ಡ್ರಾಫ್ಟ್ ಲಾಟರಿಯಲ್ಲಿ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 25.5, ಮೂರನೆಯದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. 82 ಪಂದ್ಯಗಳಲ್ಲಿ 19 ಗೆಲುವು, 47 ಪಾಯಿಂಟ್, ಹೊಡೆದದ್ದಕ್ಕಿಂತ 150 ಹೆಚ್ಚು ಗೋಲು ತಿಂದ ಆ ಸೀಸನ್ ಮುಗಿದ ಮೇಲೆ 2024ರ ಮೇ 7ರಂದು ಲಾಟರಿ ಶಾರ್ಕ್ಸ್‌ಗೇ ಒಲಿಯಿತು, ಮ್ಯಾಕ್ಲಿನ್ ಸೆಲೆಬ್ರೀನಿ ಬಂದ. ಸ್ಯಾನ್ ಹೋಸೆಯ ಜೂನಿಯರ್ ಶಾರ್ಕ್ಸ್‌ನಲ್ಲೇ ಒಂದಷ್ಟು ಕಾಲ ಆಡಿದ ಹುಡುಗ. ಕೋಚ್ ಡೇವಿಡ್ ಕ್ವಿನ್ ಅಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದರು.

ಆದರೆ ಆ ಲೆಕ್ಕಾಚಾರವೆಲ್ಲ ಕಚೇರಿಯದು. ಐಸಿನ ಮೇಲೆ ಇಳಿಯುವ ಇಪ್ಪತ್ತು ಜನರಲ್ಲಿ ಯಾರೂ ಸೋಲಲು ಇಳಿಯುವುದಿಲ್ಲ. ಸೋಲಿನ ಸೀಸನ್ನಿನಲ್ಲಿ ಒಪ್ಪಂದ ಮುಗಿಯುವ ಮೂವತ್ತರ ಆಟಗಾರನಿಗೆ ಮುಂದಿನ ವರ್ಷದ ಲಾಟರಿಯಿಂದ ಏನೂ ಸಿಗುವುದಿಲ್ಲ. ಮಾರಿಯೊ ಫೆರಾರೊನಂಥ ಡಿಫೆನ್ಸ್‌ಮನ್ ಹೊಡೆತಕ್ಕೆ ಮೈಯೊಡ್ಡಿ ಐಸಿನ ಮೇಲೆ ಬೀಳುವುದನ್ನು ನೋಡಿದವರು "ಬೇಕಂತಲೇ ಸೋಲ್ತಾ ಇದಾರೆ" ಅನ್ನುವ ಮಾತನ್ನು ಸುಲಭವಾಗಿ ಆಡಬಾರದು.

ಶನಿವಾರ, ನವೆಂಬರ್ 4ರಂದು ಕಾರ್ಲ್‌ಸನ್ ಎದುರಾಳಿಯ ಜೆರ್ಸಿಯಲ್ಲಿ ಅದೇ ಐಸಿಗೆ ಇಳಿದ. ಗಾಯದ ಮೇಲೆ ಬರೆ ಎಳೆದ ಹಾಗೆ. ಶಾರ್ಕ್ಸ್ ಆಟಗಾರರು ಎಂದಿನಂತೆ ಮೇಲಿನಿಂದ ಇಳಿಬಿಟ್ಟ ದೊಡ್ಡ ಶಾರ್ಕ್ ತಲೆಯ ಬಾಯಿಯಿಂದ, ಹೊಗೆಯ ನಡುವೆ ಹೊರಬಂದರು. ಎದುರಾಳಿ ಆಟಗಾರ ದಂಡ ತೆತ್ತು ಹೊರಗೆ ಕೂತು ಪವರ್‌ಪ್ಲೇ ಸಿಕ್ಕಾಗ ಜನ ಎರಡೂ ತೋಳುಗಳನ್ನು ಶಾರ್ಕ್ ದವಡೆಯಂತೆ ತೆರೆದು ಮುಚ್ಚುತ್ತಾ ಹುರಿದುಂಬಿಸಿದರು. ಸನ್ನಿವೇಲ್, ಫ್ರೀಮಾಂಟ್ ಕಡೆಯ ನಮ್ಮ ಮನೆಗಳ ಮಕ್ಕಳೂ ಇತ್ತೀಚೆಗೆ ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಾರಲ್ಲ, ಅಂಥ ಇಬ್ಬರು ಹುಡುಗಿಯರು ಮುಂದಿನ ಸಾಲಿನಲ್ಲಿ ಕೂತು 10-2 ಆದ ಮೇಲೂ ತೋಳು ಆಡಿಸುವುದನ್ನು ನಿಲ್ಲಿಸಲಿಲ್ಲ.

ಮಂಗಳವಾರ, ನವೆಂಬರ್ 7. ಎದುರಾಳಿ ಫಿಲಡೆಲ್ಫಿಯಾ ಫ್ಲೈಯರ್ಸ್. ಹನ್ನೊಂದು ಪಂದ್ಯ ಸೋತ ತಂಡಕ್ಕೆ ಒಂದು ಗೋಲಿನ ಮುನ್ನಡೆ ಕಾಯುವುದು ಎಂಥ ಕೆಲಸ ಅಂತ ಅಂದು ಅರ್ಥವಾಯಿತು. ಚೆಂದದ ಪಾಸ್ ಆಗ ಬೇಕಿಲ್ಲ. ಮೂಲೆಯಿಂದ ಪಕ್ಕನ್ನು ಎತ್ತಿ ಗಾಜಿಗೆ ತಾಗಿಸಿ ನೀಲಿ ಗೆರೆಯ ಆಚೆ ಬೀಳಿಸಿದರೆ ಸಾಕು. ನಡುಗೆರೆ ದಾಟಿದ್ದರೆ ಎದುರಿನ ಮೂಲೆಗೆ ತಳ್ಳಿ ಬೆಂಚಿಗೆ ಓಡಿದರೆ ಸಾಕು. 45 ಸೆಕೆಂಡಿಗೆ ಬದಲಾಗುವುದು, ಮತ್ತೆ 45 ಸೆಕೆಂಡು. ಗೋಲಿನಲ್ಲಿ ಮೆಕೆಂಜಿ ಬ್ಲ್ಯಾಕ್‌ವುಡ್. ಶಾರ್ಕ್ಸ್ 2-1ರಲ್ಲಿ ಮುಂದಿರುವಾಗಲೇ ಪಂದ್ಯ ಮುಗಿದ ಹಾರ್ನ್ ಮೊಳಗಿತು.

ಹಾಕಿಯಲ್ಲಿ ಒಂದು ವಾಡಿಕೆ ಇದೆ. ಗೆದ್ದ ತಂಡದವರು ಒಬ್ಬರ ಹಿಂದೊಬ್ಬರು ಸಾಲಾಗಿ ಕೀಪರ್ ಬಳಿಗೆ ಹೋಗಿ, ತಮ್ಮ ಹೆಲ್ಮೆಟ್ಟನ್ನು ಅವನ ಮುಖವಾಡಕ್ಕೆ ಮೆಲ್ಲಗೆ ತಾಗಿಸುತ್ತಾರೆ. ಸೋತ ರಾತ್ರಿ ಈ ಸಾಲು ಕಟ್ಟುವುದಿಲ್ಲ. ಆ ಸೀಸನ್ನಿನಲ್ಲಿ ಹನ್ನೊಂದು ಪಂದ್ಯ ಆಡಿದರೂ ಶಾರ್ಕ್ಸ್‌ನವರಿಗೆ ಅದನ್ನು ಕಟ್ಟುವ ಅವಕಾಶವೇ ಬಂದಿರಲಿಲ್ಲ. ಅವತ್ತು ಬ್ಲ್ಯಾಕ್‌ವುಡ್ ಮುಂದೆ ಸಾಲು ಕಟ್ಟಿತು, ಮೇಲಿನ ಸಾಲಿನವರೆಲ್ಲ ಎದ್ದು ನಿಂತಿದ್ದರು.