ಅಮ್ಮನ ಸರದಿ
ಅಮ್ಮಂಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕ್ಸಿ 6 ವಾರ ಆಯ್ತು, ಇವತ್ತು ಕಾರ್ಡಿಯಾಕ್ ರಿಹ್ಯಾಬ್‌ಗೆ, ಅಂದ್ರೆ ಹೃದಯದ ಚಿಕಿತ್ಸೆ ಆದೋರು ಚೇತರಿಸ್ಕೊಳ್ಳೋಕೆ ವ್ಯಾಯಾಮ ಮಾಡ್ಸೋ ಕಡೆಗೆ, ಕರ್ಕೊಂಡ್ ಹೋಗಿದ್ದೆ. ಟ್ರೆಡ್‌ಮಿಲ್ ಮೇಲೆ ಇದ್ದೋರೆಲ್ಲ ಗಂಡಸ್ರೇ, ಹೊರಗಡೆ ನೀರಿನ ಬಾಟ್ಲಿ ಹಿಡ್ಕೊಂಡು ಕೂತಿದ್ದೋರು ಅವರ ಹೆಂಡ್ತೀರು. ಅಪ್ಪಂಗೆ ಬೈಪಾಸ್ ಆದಾಗ ಅಮ್ಮನೂ ಹಿಂಗೇ ಕೂತಿದ್ಲು, ಒಂದು ಸೆಷನ್ನೂ ತಪ್ಪಿಸ್ಲಿಲ್ಲ, ಈಗ ತನ್ನ ಸರದಿ ಬಂದ್ರೆ "ಮನೇಲಿ ಗುಡ್ಸಿ ಒರೆಸ್ತೀನಲ್ಲೋ, ಅದೇ ಎಕ್ಸರ್‌ಸೈಜು" ಅಂತಾಳೆ. ಅದು ಇದಕ್ಕೆ ಸಮ ಅಲ್ಲಮ್ಮ, ಇಲ್ಲಿ ಬಿಪಿ, ಪಲ್ಸ್ ನೋಡ್ಕೊಂಡು ನಿಧಾನಕ್ಕೆ ಜಾಸ್ತಿ ಮಾಡ್ತಾರೆ, ಮಾತ್ರೆ, ಊಟ, ಮನಸ್ಸಿನ ಭಯ ಎಲ್ಲದಕ್ಕೂ ದಾರಿ ಹೇಳ್ತಾರೆ. ಹೊರದೇಶಗಳಲ್ಲೂ ಇದೇ ಕಥೆ, ಹೆಂಗಸ್ರಿಗೆ ಡಾಕ್ಟ್ರು ರಿಹ್ಯಾಬ್ ಬರೆದುಕೊಡೋದೇ ಕಮ್ಮಿ, ಬರೆದ್ರೂ ಸೇರೋರು ಕಮ್ಮಿ, ಆದ್ರೆ ಪೂರ್ತಿ ಮುಗಿಸಿದೋರಿಗೆ ಲಾಭ ಗಂಡಸ್ರಿಗಿಂತ ಏನೂ ಕಮ್ಮಿ ಇಲ್ಲ. ಅಮ್ಮ ರಿಹ್ಯಾಬ್‌ಗೆ ಹೋಗ್ಲಿ ಅಂತ ಸೋಮವಾರದಿಂದ ಬೆಳಗ್ಗೆ ತಿಂಡಿ ಮಾಡೋ ಕೆಲ್ಸ ನಂದು ಅಪ್ಪಂದು ಅಂತ ಮಾತಾಡ್ಕೊಂಡಿದೀವಿ.