ಹೂಮಳೆ ಬಿದ್ದ ಎಂಟನೇ ದಿನ: ಮಲೆನಾಡಿನ ವಸಂತಕ್ಕೆ ಎರಡು ದಿನದ ಕ್ಯಾಮೆರಾ ಪ್ರವಾಸ

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಹೂವಿನ ಚಿತ್ರಕ್ಕೆ ಕ್ಯಾಮೆರಾ ಹಿಡಿದು ಹೊರಡುವವರು ಮೊದಲು ವಿಚಾರಿಸಬೇಕಾದ್ದು ಮಳೆಯನ್ನು. ಕೊನೆಯ ಮಳೆ ಎಂದು ಬಿತ್ತು, ಎಷ್ಟು ಬಿತ್ತು? ಜಾಗದ ಆಯ್ಕೆ ಆಮೇಲೆ.

ಕಾಫಿ ಗಿಡದ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ನಿದ್ದೆ ಹೋಗಿರುತ್ತದೆ. ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ (ಹೂ ಬಿಡಿಸುವ ಇದೇ ‘ಹೂಮಳೆ’) ಎಚ್ಚರಗೊಂಡು ಎಂಟರಿಂದ ಹತ್ತು ದಿನದಲ್ಲಿ ಅರಳುತ್ತದೆ. ಇಲ್ಲಿ ಬೆಳೆಯುವ ಎರಡು ಬಗೆಯ ಕಾಫಿಯಲ್ಲಿ ರೊಬಸ್ಟಾ ಸ್ವಲ್ಪ ಬೇಗ, ಅರೇಬಿಕಾ ಸ್ವಲ್ಪ ತಡ. ತೋಟದವರು ಮಳೆಯನ್ನು ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಸುಮಾರು 25 ಮಿ.ಮೀ. ‘ನಲವತ್ತು ಸೆಂಟ್ಸ್ ಆಯ್ತು’ ಎಂದು ಯಾರಾದರೂ ಹೇಳಿದರೆ ಟಿಕೆಟ್ ಮಾಡಿಸಬೇಡಿ. ಅಷ್ಟಕ್ಕೆ ಹೂ ಅರೆಬರೆ ಬರುತ್ತದೆ, ಒಂದು ಗಿಡ ಬೆಳ್ಳಗೆ, ಪಕ್ಕದ್ದು ಹಸಿರು. ನೂರು ದಾಟಿದ್ದರೆ ದಿನ ಎಣಿಸಿ. ಮೊದಲ ದಿನ ಹೂ ಹಾಲಿನಂತಿರುತ್ತದೆ, ಎರಡನೇ ದಿನವೂ ಚೆನ್ನ, ಮೂರನೇ ದಿನಕ್ಕೆ ಅಂಚು ಕಂದಿರುತ್ತದೆ. ಅಂದರೆ ಎಂಟನೇ ದಿನ ಸಂಜೆಗೆ ಊರು ತಲುಪಿರಬೇಕು. ಮಳೆ ಒಂದೇ ತಾಲೂಕಿನಲ್ಲೂ ಒಂದೇ ಸಮ ಬೀಳುವುದಿಲ್ಲ. ಆದ್ದರಿಂದ ಜಿಲ್ಲೆಯ ಸರಾಸರಿ ನೋಡದೆ ಹೋಬಳಿವಾರು ಮಳೆ ವಿವರ ನೋಡಿ, ಇಲ್ಲವೇ ಉಳಿಯಲಿರುವ ಹೋಮ್‌ಸ್ಟೇಯವರನ್ನೇ ಕೇಳಿ. ಅವರಲ್ಲಿ ಬಹಳ ಮಂದಿ ತೋಟದವರೇ. ಮಳೆಯ ಲೆಕ್ಕ ಅವರ ನಾಲಗೆಯ ತುದಿಯಲ್ಲಿರುತ್ತದೆ.

ಮಳೆಯೇ ಬರದಿದ್ದರೂ ಒಂದು ದಾರಿ ಇದೆ. ಕೆರೆ, ಹೊಳೆಯ ಅನುಕೂಲ ಇರುವ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಅಲ್ಲೂ ಲೆಕ್ಕ ಅದೇ: ನೀರು ಹಾಯಿಸಿದ ದಿನ ಕೇಳಿ, ಎಂಟು ಸೇರಿಸಿ.

ಇನ್ನೊಂದು ತೊಡಕಿದೆ. ಅದನ್ನು ತಿಳಿಯದೆ ಹೋದವರು ಬಿಳಿಚಿಕೊಂಡ ಬೆಟ್ಟಗಳ ಚಿತ್ರ ಹೊತ್ತು ಮರಳುತ್ತಾರೆ. ಮಾರ್ಚ್ ತಿಂಗಳ ಮಲೆನಾಡಿನಲ್ಲಿ ಧೂಳು, ಹೊಗೆ ಸೇರಿ ದೂರದ ಬೆಟ್ಟಸಾಲು ಮಬ್ಬಾಗಿರುತ್ತದೆ. ಮಳೆ ಅದನ್ನು ತೊಳೆಯುತ್ತದೆ, ಆದರೆ ಆ ಸ್ವಚ್ಛ ಗಾಳಿ ಉಳಿಯುವುದು ಒಂದೆರಡು ಬೆಳಗು ಮಾತ್ರ. ಹೂ ಅರಳುವ ಹೊತ್ತಿಗೆ ಮಬ್ಬು ಮರಳಿ ಬಂದಿರುತ್ತದೆ. ಹೀಗಾಗಿ ದೂರದ ಬೆಟ್ಟಕ್ಕೆ ಮಳೆಯ ಮರುದಿನ, ಹೂವಿಗೆ ಎಂಟನೇ ದಿನ. ಎರಡು ದಿನದ ಪ್ರವಾಸದಲ್ಲಿ ಎರಡನ್ನೂ ಹಿಡಿಯುವ ಆಸೆ ಬಿಡಬೇಕು. ನನ್ನ ಆಯ್ಕೆ ಹೂವೇ. ಬೆಟ್ಟಕ್ಕೆ ಅಕ್ಟೋಬರ್, ನವೆಂಬರ್ ಇದೆ. ಹೂವಿಗೆ ಇದೊಂದೇ ಕಾಲ.

ಹೂವಿಗೆ ಹೋಗುವುದಾದರೆ ಮೂಡಿಗೆರೆ, ಸಕಲೇಶಪುರದ ತಗ್ಗಿನ ರೊಬಸ್ಟಾ ತೋಟಗಳನ್ನು ಹುಡುಕಿ. ರೊಬಸ್ಟಾದ ರೆಂಬೆ ಉದ್ದ, ಗೊಂಚಲು ದಪ್ಪ, ನೆರಳು ವಿರಳ. ಬಿಳುಪು ಹಾಸಿದಂತೆ ಕಾಣುತ್ತದೆ. ಬಾಬಾಬುಡನ್ ಗಿರಿಯ ಕಡೆಯ ಅರೇಬಿಕಾ ದಟ್ಟ ನೆರಳಿನಡಿ ಇರುವುದರಿಂದ ಎತ್ತರದಿಂದ ನೋಡಿದರೆ ಮರದ ತಲೆಗಳಷ್ಟೇ ಕಾಣುತ್ತವೆ. ಉಪಗ್ರಹ ನಕ್ಷೆಯಲ್ಲಿ ನೋಡಬೇಕಾದ್ದು ಮೂರು: ತೋಟದ ನಡುವೆ ಏರುತ್ತಾ ತಿರುಗುವ ಊರ ರಸ್ತೆ, ತೋಟಕ್ಕೆ ಅಂಟಿದ ಗದ್ದೆಬಯಲು, ತೋಟದೊಳಗಿನ ಕೆರೆ. ಗದ್ದೆಬಯಲಿನ ಅಂಚಿನಿಂದ ನೋಡಿದಾಗ ಮಾತ್ರ ಇಳಿಜಾರಿನ ಹೂ ಒಂದರ ಮೇಲೊಂದು ಪದರವಾಗಿ ಕಾಣುತ್ತದೆ. ಅಲ್ಲಿ ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಲೆನ್ಸ್ ಬೇಕು. ಅಗಲ ಲೆನ್ಸ್ ಹಾಕಿದರೆ ಹೂ ಸುಣ್ಣದ ಚುಕ್ಕೆಯಂತಾಗುತ್ತದೆ. ತೋಟಗಳು ಖಾಸಗಿ ಜಾಗ. ಒಳಗೆ ಕಾಲಿಡುವ ಮುಂಚೆ ಮಾಲೀಕರನ್ನೋ ತೋಟ ನೋಡಿಕೊಳ್ಳುವ ರೈಟರನ್ನೋ ಕೇಳಿ. ರೆಂಬೆ ಅಲ್ಲಾಡಿಸಬೇಡಿ, ಜಗ್ಗಬೇಡಿ: ಅವರ ವರ್ಷದ ಫಸಲು ಕಟ್ಟುವುದು ಆ ಎರಡು ದಿನಗಳಲ್ಲೇ. ಜೇನು ಮುತ್ತಿರುತ್ತದೆ, ಸೆಂಟು ಹಾಕಿಕೊಂಡು ಹೋಗದಿರುವುದು ಒಳ್ಳೆಯದು.

ಬೆಳಕಿನ ವಿಷಯಕ್ಕೆ ಬಂದರೆ, ಮಾರ್ಚ್ ಹತ್ತರ ಸುಮಾರಿಗೆ ಚಿಕ್ಕಮಗಳೂರಿನಲ್ಲಿ ಸೂರ್ಯ ಹುಟ್ಟುವುದು 6:40ರ ಆಸುಪಾಸು, ಮುಳುಗುವುದೂ ಸಂಜೆ ಅದೇ ಹೊತ್ತಿಗೆ. ಹುಟ್ಟುವ ದಿಕ್ಕು ಹೆಚ್ಚುಕಡಿಮೆ ನೇರ ಪೂರ್ವ, ದಕ್ಷಿಣಕ್ಕೆ ನಾಲ್ಕೇ ಡಿಗ್ರಿ ವಾಲಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಬಹುತೇಕ ನೆಟ್ಟಗೆ ಏರುತ್ತಾನೆ, 40-45 ನಿಮಿಷದಲ್ಲಿ ಹತ್ತು ಡಿಗ್ರಿ ಮೇಲೆ ಬಂದಿರುತ್ತಾನೆ. ಮೃದುವಾದ ಬೆಳಕು ಅಷ್ಟರಲ್ಲೇ ಮುಗಿಯುತ್ತದೆ. ಒಂದು ಬೆಳಗಿಗೆ ಒಂದೇ ಜಾಗ ಎಂದು ಹೇಳುವುದು ಇದಕ್ಕೇ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ., ಐದು ಗಂಟೆ ದಾರಿ. ಶನಿವಾರ ನಸುಕಿನಲ್ಲಿ ಹೊರಟರೆ ನಿಮಗೆ ಸಿಗುವುದು ಒಂದು ಸಂಜೆ, ಒಂದು ಬೆಳಗು. ಶನಿವಾರದ ನಡುಹಗಲನ್ನು ಕ್ಯಾಮೆರಾ ತೆಗೆಯದೆ ಜಾಗ ನೋಡುವುದಕ್ಕೇ ಇಡಿ. ಫೋನಿನ ದಿಕ್ಸೂಚಿಯಲ್ಲಿ ಬೆಳಕು ಬರುವ ಕಡೆ ಗುರುತಿಸಿ, ನಿಲ್ಲುವ ಕಲ್ಲನ್ನೇ ಗೊತ್ತುಮಾಡಿಕೊಂಡು ಬನ್ನಿ.

ನೀರು ಬೇಕೆಂದರೆ ಪಟ್ಟಣದಿಂದ ಹತ್ತು ಕಿ.ಮೀ. ಸುಮಾರಿನ ಹಿರೇಕೊಳಲೆ ಕೆರೆ ಇದೆ. ಎಲ್ಲರೂ ಅಲ್ಲಿಗೆ ಸೂರ್ಯಾಸ್ತಕ್ಕೆ ಹೋಗುತ್ತಾರೆ, ಆದರೆ ಆಗ ಬೆಟ್ಟಗಳು ಕಪ್ಪು ಗೋಡೆಯಾಗಿರುತ್ತವೆ. ಸೂರ್ಯ ಬೆಟ್ಟದ ಹಿಂದೆ ಜಾರುವುದೂ ಗಡಿಯಾರದ ಹೊತ್ತಿಗಿಂತ ಮೊದಲೇ. ಬೆಳಿಗ್ಗೆ 6:15ಕ್ಕೆ ಏರಿಯ ಮೇಲೆ ನಿಂತವರಿಗೆ ಎಳೆಬಿಸಿಲು ಬೆಟ್ಟದ ಮೈಮೇಲೆ ಬೀಳುವುದೂ ಗಾಳಿ ಏಳುವ ಮುಂಚಿನ ನಿಶ್ಚಲ ನೀರೂ ಸಿಗುತ್ತವೆ. ನೀರಿನ ಪ್ರತಿಬಿಂಬ ಬೆಟ್ಟಕ್ಕಿಂತ ಒಂದು ಸ್ಟಾಪ್‌ನಷ್ಟು (ಅಂದರೆ ಅರ್ಧ ಬೆಳಕಿನಷ್ಟು) ಕಪ್ಪಾಗಿ ಬರುತ್ತದೆ, ಬೆಳಕು ಹೆಚ್ಚುಕಡಿಮೆ ಮಾಡಿ ಎರಡು ಮೂರು ಎಕ್ಸ್‌ಪೋಷರ್ ತೆಗೆದಿಟ್ಟುಕೊಳ್ಳಿ.

ಮುಳ್ಳಯ್ಯನಗಿರಿಯನ್ನು, 1930 ಮೀಟರ್ ಎತ್ತರದ ನಮ್ಮ ರಾಜ್ಯದ ಶಿಖರವನ್ನು, ಈ ಪ್ರವಾಸದ ಕೇಂದ್ರವಾಗಿಸಬೇಡಿ. ವಾಹನಗಳಿಗೆ ಮಿತಿ ಇದೆ, ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಮಾರ್ಚ್‌ನಲ್ಲಿ ಹುಲ್ಲು ಒಣಗಿರುತ್ತದೆ, ಕಾಡ್ಗಿಚ್ಚಿನ ಭಯಕ್ಕೆ ಚಾರಣದ ದಾರಿಗಳನ್ನೂ ಅರಣ್ಯ ಇಲಾಖೆ ಮುಚ್ಚುವುದುಂಟು.

ತೋಟದೊಳಗೆ ಕೆಡುವುದು ಹೆಚ್ಚಾಗಿ ಎಕ್ಸ್‌ಪೋಷರ್. ಚೌಕಟ್ಟಿನ ತುಂಬ ಹೂವಿದ್ದರೆ ಕ್ಯಾಮೆರಾ ಬಿಳಿಯನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ +0.7ರಿಂದ +1 ಸ್ಟಾಪ್ ಕೊಡಿ. ಕಡುಹಸಿರಿನ ನಡುವೆ ಒಂದೆರಡು ರೆಂಬೆ ಮಾತ್ರ ಬೆಳ್ಳಗಿದ್ದರೆ ಉಲ್ಟಾ, ಎಸಳು ವಿವರವಿಲ್ಲದೆ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ, -0.7ಕ್ಕೆ ಇಳಿಸಿ ಕ್ಯಾಮೆರಾದ ಬೆಳಕಿನ ನಕ್ಷೆ (ಹಿಸ್ಟೋಗ್ರಾಮ್) ನೋಡಿ. ಬಿಸಿಲು ನೆರಳಿನ ಮರವಾದ ಸಿಲ್ವರ್ ಓಕ್ ಸಂದಿಯಿಂದ ಇಳಿಯತೊಡಗಿದ ಮೇಲೆ ಚುಕ್ಕೆಚುಕ್ಕೆ ನೆರಳನ್ನು ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ. ಕಾಫಿ ಎಲೆ ಮೇಣ ಬಳಿದಂತೆ ಹೊಳೆಯುತ್ತದೆ; ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಿರುಗಿಸಿ ಆ ಹೊಳಪು ಇಳಿಸಿ. ಅದು ಒಂದೂವರೆ ಸ್ಟಾಪ್ ಬೆಳಕು ತಿನ್ನುವುದರಿಂದ ರೆಂಬೆ ಅಲುಗಾಡುವಾಗ 1/250 ಸೆಕೆಂಡಿಗೆ ಬೇಕಾದಷ್ಟು ಐಎಸ್‌ಒ ಏರಿಸಲು ಹಿಂಜರಿಯಬೇಡಿ. ಅಪರ್ಚರ್ ಎಫ್/8 ಸಾಕು.

ದಿನ ತಪ್ಪಿತು, ಹೂ ಕಂದಿದೆ ಎಂದು ತಿಳಿದರೆ ಬಯಲುಸೀಮೆಯ ಕಡೆ ತಿರುಗಿ. ಸಖರಾಯಪಟ್ಟಣ, ಕಡೂರಿನ ಸುತ್ತ ಫೆಬ್ರವರಿ, ಮಾರ್ಚ್‌ನಲ್ಲಿ ಮುತ್ತುಗ ಎಲೆ ಉದುರಿಸಿ ಕೆಂಡದಂತೆ ಅರಳುತ್ತದೆ. ಅದಕ್ಕೆ ಮಳೆಯ ಹಂಗಿಲ್ಲ. ಶಕುನಗಿರಿಯ ಬುಡದಲ್ಲಿರುವ ಅಯ್ಯನಕೆರೆಗೂ ಅದೇ ದಾರಿ. ಮುತ್ತುಗವನ್ನು ಆಕಾಶಕ್ಕೆ ಎದುರಾಗಿ ಹಿಡಿದರೆ ಹೂ ಕಪ್ಪಾಗುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಉತ್ತ ಹೊಲದ ಕೆಮ್ಮಣ್ಣೋ ದೂರದ ಗುಡ್ಡವೋ ಹಿನ್ನೆಲೆಗೆ ಬರುವಂತೆ ನಿಲ್ಲಿ.