ಪೆನ್ಸಿಲ್ವೇನಿಯಾದ ಕೆ4ಎಸ್ ಎಂಜಿನ್ ಮಾದರಿ: ಬಾಯ್ಲರಿಗೆ ಹೆಗಲು ಬಂತು

ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಂಬ ರೈಲು ಕಂಪನಿಯ ಕೆ4ಎಸ್ ವರ್ಗದ ಉಗಿ ಎಂಜಿನ್ನನ್ನು 1:87 ಅಳತೆಯಲ್ಲಿ ಹಿತ್ತಾಳೆ ತಗಡಿನಿಂದ ಕಟ್ಟುತ್ತಿರುವ ನನ್ನ ಕೆಲಸ ಈ ತಿಂಗಳು ಬಾಯ್ಲರಿನ ಹಿಂಭಾಗಕ್ಕೆ ತಲುಪಿದೆ. 1914ರಿಂದ ಆರಂಭಿಸಿ ಒಟ್ಟು 425 ಎಂಜಿನ್‌ಗಳನ್ನು ಕಟ್ಟಿದ ಈ ವರ್ಗದಲ್ಲಿ ಇಂದು ಉಳಿದಿರುವುದು ಎರಡೇ. ಅವುಗಳಲ್ಲಿ 1918ರಲ್ಲಿ ಆ ಕಂಪನಿಯ ಆಲ್ಟೂನಾ ಕಾರ್ಖಾನೆಯಲ್ಲಿ ತಯಾರಾಗಿ, 1957ರಿಂದ 1985ರವರೆಗೆ ಹಾರ್ಸ್‌ಶೂ ಕರ್ವ್ ಎಂಬ ರೈಲುಹಾದಿಯ ತಿರುವಿನ ಬಳಿ ಪ್ರದರ್ಶನಕ್ಕೆ ನಿಂತಿದ್ದ 1361ನೇ ಸಂಖ್ಯೆಯದನ್ನು ನಾನು ಆರಿಸಿಕೊಂಡಿದ್ದೇನೆ.

ಈ ಎಂಜಿನ್ನಿನ ಚಹರೆ ಇರುವುದೇ ಅದರ ಬೆಲ್ಪೇರ್ ಮಾದರಿಯ ಫೈರ್‌ಬಾಕ್ಸಿನಲ್ಲಿ, ಅಂದರೆ ಬಾಯ್ಲರಿನ ಹಿಂಭಾಗದಲ್ಲಿ ಕಲ್ಲಿದ್ದಲು ಉರಿಯುವ ಪೆಟ್ಟಿಗೆಯಲ್ಲಿ. ಒಳಗಿನ ಫೈರ್‌ಬಾಕ್ಸಿನ ಮೇಲ್ಛಾವಣಿಯೂ ಹೊರಗಿನ ತಗಡೂ ಸಮಾನಾಂತರವಾಗಿರುವುದರಿಂದ, ಅವೆರಡನ್ನು ಬಿಗಿದು ಹಿಡಿಯುವ ಸರಳುಗಳು ಓರೆಯಾಗದೆ ನೇರವಾಗಿ ನಿಲ್ಲುತ್ತವೆ. ಆ ಕಾರಣಕ್ಕೇ ದುಂಡಗಿನ ಬಾಯ್ಲರ್ ಹಿಂದಕ್ಕೆ ಹೋದಂತೆ ಚೌಕಾಕಾರದ ಹೆಗಲುಗಳನ್ನು ಪಡೆಯುತ್ತದೆ. ಆ ಹೆಗಲು ಮೊಂಡಾದರೆ ಮಿಕ್ಕದ್ದೆಲ್ಲ ಎಷ್ಟು ಕರಾರುವಾಕ್ಕಾಗಿದ್ದರೂ ಅದು ಕೆ4ಎಸ್ ಅನ್ನಿಸುವುದಿಲ್ಲ.

ಮೊದಲ ಸಲ 0.4 ಮಿ.ಮೀ. ತಗಡನ್ನು ಕಾಯಿಸದೆ ಬಗ್ಗಿಸಿದ್ದರಿಂದ ಎಡ ಹೆಗಲಿನುದ್ದಕ್ಕೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಬೆಸುಗೆ ತುಂಬಿ ಅರದಿಂದ ಉಜ್ಜಿದೆನಾದರೂ ಆ ಗೆರೆ ಮತ್ತೆ ಕಾಣಿಸಿಕೊಂಡಿತು. ಆ ತಗಡನ್ನು ಬದಿಗಿಟ್ಟು, ಹೊಸದೊಂದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ಆರಲು ಬಿಟ್ಟು, ತೇಗದ ಅಚ್ಚಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತ ಬಂದೆ. ಹದವಾದ ಹಿತ್ತಾಳೆ ಪುಟಿಯದೆ ಬೆರಳಿನ ಮಾತು ಕೇಳುತ್ತದೆ. ಆದರೆ ಬಗ್ಗಿಸಿದಷ್ಟೂ ಅದು ಮತ್ತೆ ಗಡುಸಾಗುವುದರಿಂದ ಮೂರು ಬಾರಿ ಕಾಯಿಸಬೇಕಾಯಿತು. ಈಗ ಎರಡೂ ಹೆಗಲುಗಳು ಸಮವಾಗಿ ಕೂತಿವೆ, ದೀಪದ ಕೆಳಗೆ ಹಿಡಿದರೆ ಅಂಚಿನ ಮೇಲೆ ಬೆಳಕು ಒಂದೇ ಗೆರೆಯಾಗಿ ಹರಿಯುತ್ತದೆ.

ಚಕ್ರಗಳ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಮೂಲ ಎಂಜಿನ್ನಿನ ಚಾಲಕ ಚಕ್ರದ ವ್ಯಾಸ 80 ಇಂಚು, ಅಕ್ಕಪಕ್ಕದ ಚಕ್ರಗಳ ಅಚ್ಚಿನಿಂದ (ಆಕ್ಸಲ್‌ನಿಂದ) ಅಚ್ಚಿಗೆ ಇರುವ ಅಂತರ 83 ಇಂಚು. ಮಾದರಿಯಲ್ಲಿ ಈ 3 ಇಂಚು 0.9 ಮಿ.ಮೀ.ಗಿಂತ ಕಡಿಮೆಯಾಗುತ್ತದೆ. ಮಾದರಿ ಚಕ್ರದ ಫ್ಲೇಂಜ್, ಅಂದರೆ ಹಳಿಯಿಂದ ಜಾರದಂತೆ ತಡೆಯುವ ಅಂಚು, ಒಂದೊಂದೂ ಸುಮಾರು 0.6 ಮಿ.ಮೀ. ಆಳವಿರುವುದರಿಂದ ಅಕ್ಕಪಕ್ಕದ ಚಕ್ರಗಳು ಒಂದಕ್ಕೊಂದು ಉಜ್ಜುತ್ತವೆ. ಅಚ್ಚುಗಳನ್ನು ದೂರ ಸರಿಸಿದರೆ ಎಂಜಿನ್ನಿನ ನಿಲುವೇ ಕೆಡುತ್ತದೆ. ಹಾಗಾಗಿ ಅವುಗಳ ಅಂತರವನ್ನು ಹಾಗೇ ಉಳಿಸಿಕೊಂಡು, ಚಕ್ರದ ವ್ಯಾಸವನ್ನು 23.3ರಿಂದ 22.7 ಮಿ.ಮೀ.ಗೆ ಇಳಿಸಿದ್ದೇನೆ.

ಕಪ್ಪೆಂದೇ ತೋರುವ ಆ ಕಡು ಹಸಿರು ಬಣ್ಣವನ್ನು ಬಳಿಯುವುದು ಇನ್ನೂ ದೂರದ ಮಾತು. ನಿನ್ನೆ ಚಕ್ರಗಳಿರುವ ಅಡಿಗಟ್ಟನ್ನು 16.5 ಮಿ.ಮೀ. ಹಳಿಯ ಮೇಲಿಟ್ಟು ಕೈಯಿಂದ ತಳ್ಳಿ ನೋಡಿದಾಗ, ಪ್ರತಿ ಸುತ್ತಿಗೂ ಒಂದೇ ಕಡೆ ಸಣ್ಣದಾಗಿ ತಡೆಯಿತು. ಎಡಬಲದ ಚಕ್ರಗಳಲ್ಲಿ ಸರಳು ಸಿಕ್ಕಿಸುವ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಕೋನವಿರಬೇಕು. ಅದರಲ್ಲಿ ಕೂದಲಷ್ಟು ವ್ಯತ್ಯಾಸವಾದರೂ ನಡೆದೀತು, ಆದರೆ ಮೂರು ಅಚ್ಚುಗಳಲ್ಲೂ ಅದೇ ಕೋನ ಇರಲೇಬೇಕು. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕೂಡುಸರಳುಗಳನ್ನು ಬಿಚ್ಚಿ ಒಂದೊಂದೇ ಅಚ್ಚನ್ನು ಪರೀಕ್ಷಿಸಿದಾಗ ನಡುವಿನದು ತಪ್ಪಿರುವುದು ಗೊತ್ತಾಯಿತು. ಅದರ ಬಲ ಚಕ್ರವನ್ನು ಕಳಚಿಟ್ಟಿದ್ದೇನೆ, ಭಾನುವಾರ ಮತ್ತೆ ಕೂರಿಸಬೇಕು.